ಲೈಂಗಿಕ ಅಲ್ಪಸಂಖ್ಯಾತರು, ಸಮಾನತೆ: ಈ ವಿಷಯ ಹಿಡಿದು ಇಂಗ್ಲಿಷ್ ಪದ ಕಲಿಯೋಣ ಬನ್ನಿ

ಪದಪ್ರೀತಿ:
ಎಲ್ಲರಿಗೂ ನಮಸ್ಕಾರ. ಪದಗಳ ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡಿದರೆ ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಒಂದೇ ವಿಷಯದ ಬಗ್ಗೆ ಓದುತ್ತಾ, ಅಲ್ಲಿ ಮತ್ತೆ ಮತ್ತೆ ಸಿಗುವ ಪದಗಳನ್ನು ಹಿಡಿದುಕೊಂಡರೆ ಅವು ಮನಸ್ಸಿನಲ್ಲಿ ಉಳಿಯುತ್ತವೆ. ಈ ಸಲ ಲೈಂಗಿಕ ಅಲ್ಪಸಂಖ್ಯಾತರು ಮತ್ತು ಸಮಾನತೆ ಅನ್ನುವ ವಿಷಯ ತೆಗೆದುಕೊಳ್ಳೋಣ ಅಂತ ನನ್ನ ಆಸೆ.

ಯಾಕೆ ಈ ವಿಷಯ? ಸುದ್ದಿಯಲ್ಲಿ, ಕೆಲಸದ ಕಡೆಯ ನಿಯಮಾವಳಿಯಲ್ಲಿ, ಪರೀಕ್ಷೆಗೆ ಕೊಡುವ ಗದ್ಯಭಾಗದಲ್ಲಿ ಎಲ್ಲ ಕಡೆ ಈ ಪದಗಳು ಬರುತ್ತವೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಬೇರೆ ವಿಷಯದಲ್ಲಿ ಪದ ತಪ್ಪಿದರೆ ವಾಕ್ಯ ಕೆಡುತ್ತದೆ, ಅಷ್ಟೇ. ಇಲ್ಲಿ ತಪ್ಪಿದರೆ ಎದುರಿಗಿರುವ ಮನುಷ್ಯರಿಗೆ ನೋವಾಗುತ್ತದೆ. ಅರ್ಥ ಗೊತ್ತಿದ್ದರೆ ಸಾಲದು. ಪದ ವಾಕ್ಯದಲ್ಲಿ ಎಲ್ಲಿ ಕೂರುತ್ತದೆ, ಅದರ ಜೊತೆ ಯಾವ ಕ್ರಿಯಾಪದ ಬರುತ್ತದೆ ಅನ್ನೋದೂ ಗೊತ್ತಿರಬೇಕು. ಗೌರವ ಇರೋದೂ ಹೋಗೋದೂ ಅಲ್ಲೇ ಅಂತ ನಾನು ನಂಬಿದ್ದೇನೆ.

ಮೊದಲು ಪದಗಳ ಮುಂದೆ ಅಂಟಿಕೊಳ್ಳುವ ತುಣುಕುಗಳನ್ನು ನೋಡಿ. 'ಹೋಮೋ' ಅಂದರೆ ಅದೇ, ಒಂದೇ ಬಗೆಯ. 'ಹೆಟೆರೋ' ಅಂದರೆ ಬೇರೆ. 'ಬೈ' ಎರಡು, 'ಪ್ಯಾನ್' ಎಲ್ಲ, ಬರೀ 'ಎ' ಬಂದರೆ ಇಲ್ಲ ಅಂತ. 'ಟ್ರಾನ್ಸ್' ಅಂದರೆ ಆಚೆ ಕಡೆ, 'ಸಿಸ್' ಅಂದರೆ ಈಚೆ ಕಡೆ. ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನಿಸುವವರು ಆಚೆ, ಅದೇ ತಮ್ಮದು ಅನಿಸುವವರು ಈಚೆ. ಇಷ್ಟು ಗೊತ್ತಿದ್ದರೆ ಬೈಸೆಕ್ಷುಯಲ್, ಪ್ಯಾನ್‌ಸೆಕ್ಷುಯಲ್, ಏಸೆಕ್ಷುಯಲ್, ಟ್ರಾನ್ಸ್‌ಜೆಂಡರ್, ಸಿಸ್‌ಜೆಂಡರ್ ಎಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ. ರಸಾಯನಶಾಸ್ತ್ರ ಓದಿದವರಿಗೆ ಸಿಸ್ ಮತ್ತು ಟ್ರಾನ್ಸ್ ಆಗಲೇ ಪರಿಚಯ ಇರುತ್ತವೆ, ಅಲ್ವಾ? ಅವೇ ಇವು.

ದಾರಿಹೋಕ:
ಒಳ್ಳೆ ಶುರು. ಒಂದು ಅನುಮಾನ. 'ಹೋಮೋ ಸೇಪಿಯನ್ಸ್' ಅನ್ನುವಾಗ ಹೋಮೋ ಅಂದರೆ ಮನುಷ್ಯ ಅಂತ ಅಲ್ವಾ? ಹಾಗಾದರೆ ಹೋಮೋಸೆಕ್ಷುಯಲ್ ಗಂಡಸರಿಗೆ ಮಾತ್ರ ಸಲ್ಲುವ ಪದವೇ?

ಮೇಷ್ಟ್ರು:
ಅಲ್ಲ. ಅದು ಲ್ಯಾಟಿನ್ ಪದ, ಇದು ಗ್ರೀಕ್ ಪದ. ಕೇಳೋಕೆ ಒಂದೇ ಥರ ಇವೆ, ಸಂಬಂಧ ಇಲ್ಲ. ಇದು 'ಹೋಮೋಜೀನಿಯಸ್' ಅನ್ನುವುದರಲ್ಲಿ ಇರುವ ಹೋಮೋ. ಹಾಗಾಗಿ ಹೆಂಗಸರಿಗೂ ಸಲ್ಲುತ್ತದೆ.

ಈ ಪದ ಹುಟ್ಟಿದ ಕತೆ ಚೆನ್ನಾಗಿದೆ. ಕಾರ್ಲ್ ಮರಿಯಾ ಕೆರ್ಟ್‌ಬೆನಿ ಅನ್ನುವ ಬರಹಗಾರ 1869ರಲ್ಲಿ ಜರ್ಮನ್ ಭಾಷೆಯ ಕರಪತ್ರಗಳಲ್ಲಿ ಇದನ್ನು ಬಳಸಿದರು. ಗಂಡು ಗಂಡಿನ ಸಂಬಂಧವನ್ನು ಅಪರಾಧ ಮಾಡಿದ್ದ ಪ್ರಷ್ಯಾ ಅನ್ನುವ ಆಗಿನ ಜರ್ಮನ್ ರಾಜ್ಯದ ಕಾನೂನನ್ನು ವಿರೋಧಿಸಿ ಬರೆದ ಕರಪತ್ರಗಳು ಅವು. ಅಂದರೆ ಪದ ಹುಟ್ಟಿದ್ದು ಜನರ ಪರವಾಗಿ. ಆಮೇಲೆ ವೈದ್ಯರು ಅದನ್ನು ರೋಗದ ಹೆಸರಿನಂತೆ ಬಳಸಿದರು. ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪಟ್ಟಿಯಿಂದ ಸಲಿಂಗ ಆಕರ್ಷಣೆಯನ್ನು ಕೈಬಿಡಲು ತೀರ್ಮಾನ ಮಾಡಿದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟಿದ್ದು 1990ರ ಮೇ 17ರಂದು. ಇವತ್ತಿಗೂ ಮೇ 17ನ್ನು ಬೇರೆ ಬೇರೆ ದೇಶಗಳಲ್ಲಿ ಆಚರಿಸುತ್ತಾರೆ.

ಈ ಚರಿತ್ರೆ ಇರೋದರಿಂದಲೇ ಒಬ್ಬರ ಬಗ್ಗೆ ಮಾತಾಡುವಾಗ ಹೋಮೋಸೆಕ್ಷುಯಲ್ ಅಂದರೆ ಆಸ್ಪತ್ರೆಯ ಚೀಟಿ ಓದಿದ ಹಾಗೆ ಕೇಳುತ್ತದೆ. ದಿನನಿತ್ಯದ ಮಾತಿನಲ್ಲಿ ಗೇ, ಲೆಸ್ಬಿಯನ್ ಸಾಕು. ಬರೀ 'ಹೋಮೋ' ಅಂತ ಮೊಟಕು ಮಾಡಿ ಕರೆಯೋದು ಬೈಗುಳ. ಅದನ್ನು ಬಿಟ್ಟೇಬಿಡಿ.

ನೀಲಿಶಾಯಿ:
ಪದಪ್ರೀತಿ ಅವರು ಪದ ಎಲ್ಲಿ ಕೂರುತ್ತದೆ ಅಂತ ಬರೆದದ್ದು ನೋಡಿ ಖುಷಿಯಾಯಿತು. ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಗುರುತಿಸಿದ್ದ ಹೆಣ್ಣು. ಇಂಗ್ಲಿಷ್ ಕಲಿಯೋಕೆ ಒಂದು ತರಗತಿಗೆ ಸೇರಿದ್ದೆ. ಅಲ್ಲಿ ಕಲಿಸುವವರು ನನ್ನನ್ನು ಉಳಿದವರಿಗೆ ಪರಿಚಯ ಮಾಡಿದ ವಾಕ್ಯ 'ಶಿ ಈಸ್ ಎ ಟ್ರಾನ್ಸ್‌ಜೆಂಡರ್'. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನಿಜ. ಆದರೂ ಹೆಸರು, ಕೆಲಸ, ಇಷ್ಟ ಎಲ್ಲ ಅಳಿಸಿ ಒಂದೇ ಪದವಾಗಿ ನಿಂತ ಹಾಗಾಯಿತು.

ವ್ಯಾಕರಣ ಇಷ್ಟು: ಟ್ರಾನ್ಸ್‌ಜೆಂಡರ್ ವಿಶೇಷಣ, ನಾಮಪದ ಅಲ್ಲ. ಅದರ ಮುಂದೊಂದು ನಾಮಪದ ಬೇಕು. 'ಎ ಟ್ರಾನ್ಸ್‌ಜೆಂಡರ್ ಪರ್ಸನ್', 'ಎ ಟ್ರಾನ್ಸ್ ವುಮನ್', 'ಎ ಟ್ರಾನ್ಸ್ ಮ್ಯಾನ್'. ಟ್ರಾನ್ಸ್ ವುಮನ್ ಅಂತ ಬರೆಯುವಾಗ ಎರಡು ಪದಗಳ ನಡುವೆ ಜಾಗ ಬಿಡಿ. ಕೊನೆಗೆ 'ಡ್' ಸೇರಿಸಿ 'ಟ್ರಾನ್ಸ್‌ಜೆಂಡರ್ಡ್' ಅನ್ನಬೇಡಿ. ಅದು ನನಗೆ ಯಾರೋ ಏನೋ ಮಾಡಿದರು ಅನ್ನುವ ಹಾಗಿದೆ. ಗೇ ಅನ್ನೋದಕ್ಕೂ ಇದೇ ಮಾತು. 'ಹಿ ಈಸ್ ಗೇ' ಸರಿ, 'ಹಿ ಈಸ್ ಎ ಗೇ' ಸರಿಯಲ್ಲ. ಲೆಸ್ಬಿಯನ್ ಮಾತ್ರ ಎರಡೂ ಆಗುತ್ತದೆ, ನಾಮಪದವಾಗಿ ಬಳಸಿದರೂ ತೊಂದರೆ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. 'ಐಡೆಂಟಿಫೈಸ್ ಆಸ್' ಅನ್ನುವ ಪ್ರಯೋಗವನ್ನು ಈಗ ಎಲ್ಲರೂ ಕಲಿಯುತ್ತಾರೆ. ಒಬ್ಬರು ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಅದು ಸರಿ. ಆದರೆ ಸುದ್ದಿ ಬರೆಯುವವರು ಉಳಿದ ಹೆಂಗಸರಿಗೆಲ್ಲ 'ಈಸ್ ಎ ವುಮನ್' ಅಂತ ಬರೆದು, ನನಗೆ ಮಾತ್ರ 'ಐಡೆಂಟಿಫೈಸ್ ಆಸ್ ಎ ವುಮನ್' ಅಂತ ಬರೆದರೆ ಅಲ್ಲಿ ಅನುಮಾನ ನುಸುಳಿದೆ ಅಂತ ಅರ್ಥ. ಓದುವಾಗ ಗಮನಿಸಿ.

ಬೆಳಗಿನ ಓದು:
ನೀಲಿಶಾಯಿ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್.

ಇದೇ ಜಾತಿಯ ಇನ್ನೊಂದು ಜೋಡಿ ಇದೆ, 'ಕಮ್ ಔಟ್' ಮತ್ತು 'ಔಟ್'. 'ಶಿ ಕೇಮ್ ಔಟ್ ಟು ಹರ್ ಸಿಸ್ಟರ್' ಅಂದರೆ ತಾನು ಯಾರು ಅನ್ನೋದನ್ನು ಅವಳೇ ಅಕ್ಕನಿಗೆ ಹೇಳಿಕೊಂಡಳು. ಹೇಳಿದವಳು ಅವಳು, ಯಾರಿಗೆ, ಯಾವಾಗ ಅಂತ ತೀರ್ಮಾನ ಮಾಡಿದವಳೂ ಅವಳೇ. 'ಹರ್ ಸಿಸ್ಟರ್ ಔಟೆಡ್ ಹರ್' ಅಂದರೆ ಅಕ್ಕ ಅವಳನ್ನು ಕೇಳದೆ ಬೇರೆಯವರ ಮುಂದೆ ಹೇಳಿಬಿಟ್ಟಳು. ಮೊದಲನೆಯದಕ್ಕೆ ಕರ್ಮಪದ ಇಲ್ಲ, ಎರಡನೆಯದಕ್ಕೆ ಇದೆ. ಇಬ್ಬರ ಬದುಕಿನಲ್ಲಿ ಆದ ವ್ಯತ್ಯಾಸ ಅಷ್ಟೂ ಆ ಕರ್ಮಪದದಲ್ಲೇ ಇದೆ. ಹಾಗೆ ಬೇರೆಯವರು ಹೇಳಿದ್ದರಿಂದ ಮನೆ, ಕೆಲಸ ಕಳೆದುಕೊಂಡವರು ಇದ್ದಾರೆ. ಅದಕ್ಕೇ ಈ ಎರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕು.

'ಟು' ಮರೆಯಬೇಡಿ. 'ಕೇಮ್ ಔಟ್ ಟು ಹಿಸ್ ಪೇರೆಂಟ್ಸ್', 'ಕೇಮ್ ಔಟ್ ಆಸ್ ಬೈಸೆಕ್ಷುಯಲ್'. ಯಾರಿಗೆ ಅನ್ನೋದಕ್ಕೆ ಟು, ಏನಂತ ಅನ್ನೋದಕ್ಕೆ ಆಸ್.

ಮೇಷ್ಟ್ರು:
ಕ್ರಿಯಾಪದದ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. 'ಹಿ ಅಡ್ಮಿಟೆಡ್ ದಟ್ ಹಿ ವಾಸ್ ಗೇ', 'ಶಿ ಕನ್‌ಫೆಸ್ಡ್' ಅನ್ನುವ ವಾಕ್ಯಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು, ಈಗಲೂ ಅಲ್ಲಲ್ಲಿ ಬರುತ್ತವೆ. ಅಡ್ಮಿಟ್ ಅಂದರೆ ತಪ್ಪು ಒಪ್ಪಿಕೊಳ್ಳೋದು. ಕಳ್ಳತನ ಒಪ್ಪಿಕೊಳ್ಳುತ್ತಾರೆ, ಸುಳ್ಳು ಒಪ್ಪಿಕೊಳ್ಳುತ್ತಾರೆ. ತಾನು ಯಾರನ್ನು ಪ್ರೀತಿಸುತ್ತೇನೆ ಅನ್ನೋದನ್ನು ಒಪ್ಪಿಕೊಳ್ಳೋದೇನು ಬಂತು? 'ಸೆಡ್', 'ಟೋಲ್ಡ್', 'ಶೇರ್ಡ್' ಬಳಸಿ. ಕನ್ನಡದಲ್ಲೂ 'ಒಪ್ಪಿಕೊಂಡ' ಅಂತ ಬರೆಯೋದಕ್ಕಿಂತ 'ಹೇಳಿದ' ಅಂತ ಬರೆದರೆ ಮುಗಿಯಿತು.

ಹಾಗೇ 'ಸೆಕ್ಷುಯಲ್ ಪ್ರಿಫರೆನ್ಸ್' ಬೇಡ, 'ಸೆಕ್ಷುಯಲ್ ಓರಿಯೆಂಟೇಶನ್' ಬಳಸಿ. ಪ್ರಿಫರೆನ್ಸ್ ಅಂದರೆ ಇದೂ ಆಗಬಹುದು, ಅದೂ ಆಗಬಹುದು, ನನಗೆ ಇದು ಇಷ್ಟ ಅನ್ನುವ ಆಯ್ಕೆ.

ದಾರಿಹೋಕ:
'ಓರಿಯೆಂಟೇಶನ್' ಮತ್ತು 'ಐಡೆಂಟಿಟಿ' ನಡುವೆ ನನಗೆ ಯಾವಾಗಲೂ ಗೊಂದಲ. ಸುಲಭವಾಗಿ ಹೇಳ್ತೀರಾ?

ಪದಪ್ರೀತಿ:
ಯಾರ ಕಡೆ ಮನಸ್ಸು ಎಳೆಯುತ್ತದೆ ಅನ್ನೋದು ಸೆಕ್ಷುಯಲ್ ಓರಿಯೆಂಟೇಶನ್. ನಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಅಂತ ನನ್ನೊಳಗೆ ನನಗೆ ಅನಿಸೋದು ಜೆಂಡರ್ ಐಡೆಂಟಿಟಿ. ಎರಡೂ ಬೇರೆ. ಒಬ್ಬ ಟ್ರಾನ್ಸ್ ಮಹಿಳೆ ಲೆಸ್ಬಿಯನ್ ಆಗಿರಬಹುದು, ಬೈಸೆಕ್ಷುಯಲ್ ಆಗಿರಬಹುದು, ಗಂಡಸರನ್ನು ಮಾತ್ರ ಇಷ್ಟಪಡಬಹುದು. ಇಂಟರ್‌ಸೆಕ್ಸ್ ಅನ್ನೋದು ಇವೆರಡೂ ಅಲ್ಲ, ಅದು ಹುಟ್ಟಿನಿಂದ ಬಂದ ದೇಹದ ಲಕ್ಷಣಗಳಿಗೆ ಸಂಬಂಧಿಸಿದ್ದು.

ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ 2006ರಲ್ಲಿ ಮಾನವ ಹಕ್ಕುಗಳ ತಜ್ಞರು ಸೇರಿ ಮಾಡಿದ 'ಯೋಗ್ಯಕರ್ತ ಪ್ರಿನ್ಸಿಪಲ್ಸ್' ಅನ್ನುವ ದಾಖಲೆ ಇದೆ. ಅದರ ಆರಂಭದಲ್ಲೇ ಈ ಎರಡೂ ಪದಗಳ ವ್ಯಾಖ್ಯೆ ಕೊಟ್ಟಿದ್ದಾರೆ. ವಾಕ್ಯಗಳು ಸ್ವಲ್ಪ ಉದ್ದ. ಮಧ್ಯಮ ಮಟ್ಟದ ಇಂಗ್ಲಿಷ್ ಬರುವವರಿಗೆ ಒಳ್ಳೆಯ ಓದು.

ಹಳೇ ಓದುಗ:
ಎಲ್ಲ ಓದಿದೆ. ಮನಸ್ಸಿಗೆ ಬಂದದ್ದನ್ನು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಇಷ್ಟೊಂದು ಎಚ್ಚರಿಕೆ ಬೇಕು ಅಂದರೆ ನನ್ನಂಥವರಿಗೆ ಬಾಯಿ ತೆರೆಯೋಕೇ ಹಿಂಜರಿಕೆ ಆಗುತ್ತದೆ. ಇಂಗ್ಲಿಷೇ ಕಷ್ಟ. ಅದರ ಮೇಲೆ ಇದು.

ನೀಲಿಶಾಯಿ:
ಹಿಂಜರಿಕೆ ಸಹಜ, ಅದನ್ನು ಹೇಳಿದ್ದೇ ಒಳ್ಳೆಯದಾಯಿತು. ನಿಮಗೆ ಎಲ್ಲ ಪದವೂ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಾಗ ಹೆಸರು ಹಿಡಿದು ಮಾತಾಡಿ. 'ವಾಟ್ ಪ್ರೋನೌನ್ಸ್ ಡು ಯು ಯೂಸ್?' ಅಂತ ಒಂದು ಪ್ರಶ್ನೆ ಕಲಿತುಕೊಳ್ಳಿ. ನಿಮ್ಮನ್ನು ಹೀ ಅನ್ನಲೋ, ಶೀ ಅನ್ನಲೋ, ಯಾವ ಸರ್ವನಾಮ ಬಳಸಲಿ ಅಂತ ಕೇಳೋದು ಅದು. ತಪ್ಪಿದರೆ 'ಸಾರಿ' ಅಂತ ಸರಿಮಾಡಿಕೊಂಡು ಮಾತು ಮುಂದುವರಿಸಿ. ಹತ್ತು ಸಲ ಕ್ಷಮೆ ಕೇಳಿದರೆ ಆಮೇಲೆ ನಾನೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ನಮ್ಮ ಜೊತೆ ಮಾತೇ ಆಡದೆ ಇರೋದಕ್ಕಿಂತ ತಡವರಿಸುತ್ತಾ ಆಡೋದು ಎಷ್ಟೋ ಮೇಲು.

ಬೆಳಗಿನ ಓದು:
ಪ್ರೋನೌನ್ ಅಂತ ಬಂತಲ್ಲ, ಇದರಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಒಂದು ತೊಡಕೂ ಇದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಒಬ್ಬರೇ ಇದ್ದರೂ 'ದೇ' ಅನ್ನೋದನ್ನು ಕೇಳಿದರೆ ಎಷ್ಟೋ ಜನರಿಗೆ ವಿಚಿತ್ರ ಅನಿಸುತ್ತದೆ. ನಮಗೆ ಅನಿಸಬಾರದು. ನಾವು ಒಬ್ಬರಿಗೇ 'ಅವರು ಬಂದರು' ಅನ್ನುತ್ತೇವೆ. ಕ್ರಿಯಾಪದವೂ ಬಹುವಚನವೇ. ಬಂದವರು ಗಂಡೋ ಹೆಣ್ಣೋ ಅಂತ ಆ ವಾಕ್ಯ ಹೇಳೋದೇ ಇಲ್ಲ. ಇಂಗ್ಲಿಷಿನ 'ದೇ' ಕೂಡ ಹೀಗೇ. ಒಬ್ಬರೇ ಆದರೂ 'ದೇ ಆರ್ ಮೈ ಫ್ರೆಂಡ್' ಅನ್ನಬೇಕು, 'ದೇ ಈಸ್' ಅಲ್ಲ. ಇದೇನು ನಿನ್ನೆ ಮೊನ್ನೆ ಬಂದ ಬಳಕೆಯೂ ಅಲ್ಲ. 14ನೇ ಶತಮಾನದ ಇಂಗ್ಲಿಷ್ ಬರಹದಲ್ಲೇ ಇದೆ. 'ಸಮ್‌ವನ್ ಲೆಫ್ಟ್ ದೇರ್ ಬ್ಯಾಗ್ ಹಿಯರ್' ಅಂತ ಎಲ್ಲರೂ ಯೋಚಿಸದೇ ಹೇಳುತ್ತಾರೆ. ಹೊಸದು ಯಾವುದು ಅಂದರೆ, 'ನಾನು ಹೀ ಅಲ್ಲ, ಶೀ ಅಲ್ಲ, ನನ್ನನ್ನು ದೇ ಅನ್ನಿ' ಅಂತ ನಾನ್‌ಬೈನರಿ ಜನರು (ಗಂಡು, ಹೆಣ್ಣು ಅನ್ನುವ ಎರಡರಲ್ಲಿ ಒಂದಕ್ಕೇ ಸೇರದವರು) ತಮಗಾಗಿ ಕೇಳಿಕೊಳ್ಳುವ ಬಳಕೆ. ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2019ರಲ್ಲಿ 'ದೇ' ಅನ್ನೇ ವರ್ಷದ ಪದ ಅಂತ ಆರಿಸಿದ್ದರು.

ತೊಡಕು ಎಲ್ಲಿ ಅಂದರೆ, ನಮ್ಮ 'ಅವರು' ಮರ್ಯಾದೆಯ ಪದ. ಇಂಗ್ಲಿಷಿನ 'ದೇ'ಯಲ್ಲಿ ಮರ್ಯಾದೆಯೂ ಇಲ್ಲ, ಅಮರ್ಯಾದೆಯೂ ಇಲ್ಲ. ಅಮ್ಮನ ಬಗ್ಗೆ ಹೇಳುವಾಗ ಗೌರವಕ್ಕೆ ಅಂತ 'ಮೈ ಮದರ್ ಕಾಲ್ಡ್, ದೇ ಆರ್ ಕಮಿಂಗ್ ಟುಮಾರೋ' ಅಂದರೆ ಕೇಳಿದವರು ಅಮ್ಮನ ಜೊತೆ ಇನ್ನೂ ಯಾರೋ ಬರುತ್ತಾರೆ ಅಂದುಕೊಳ್ಳುತ್ತಾರೆ. ತನ್ನನ್ನು 'ಶೀ' ಅನ್ನಿ ಅಂತ ಕೇಳಿಕೊಂಡ ಟ್ರಾನ್ಸ್ ಮಹಿಳೆಗೆ ನಾವು ಮರ್ಯಾದೆ ಕೊಡುತ್ತಿದ್ದೇವೆ ಅಂದುಕೊಂಡು 'ದೇ' ಅಂದರೆ ಅವರು ಹೆಣ್ಣು ಅನ್ನೋದನ್ನೇ ನಾವು ಒಪ್ಪಲಿಲ್ಲ ಅಂತಾಗುತ್ತದೆ. ಅವರು ಯಾವುದನ್ನು ಬಳಸುತ್ತಾರೋ ಅದನ್ನೇ ಬಳಸಬೇಕು.

ಇನ್ನೊಂದು. ಕನ್ನಡದಲ್ಲಿ ಕ್ರಿಯಾಪದವೇ ಬಂದನು, ಬಂದಳು ಅಂತ ಲಿಂಗ ಹೇಳುತ್ತದೆ. ಇಂಗ್ಲಿಷಿನಲ್ಲಿ 'ಕೇಮ್' ಎಲ್ಲರಿಗೂ ಒಂದೇ. ಅಂದರೆ ಅಲ್ಲಿ ಸರ್ವನಾಮ ಒಂದು ಸರಿಹೋದರೆ ಇಡೀ ವಾಕ್ಯ ಸರಿಹೋಗುತ್ತದೆ. ನಮಗೆ ಕನ್ನಡದಲ್ಲೇ ಕೆಲಸ ಜಾಸ್ತಿ!

ಹಳೇ ಓದುಗ:
ಅವರು ಅನ್ನೋದರ ಜೊತೆ ಹೋಲಿಸಿದ್ದು ಒಳ್ಳೆಯದಾಯಿತು. ಈಗ ತಲೆಗೆ ಹೋಯಿತು.

ಮತ್ತೆ ಒಂದು ಕೇಳಬೇಕು. 'ಕ್ವಿಯರ್' ಬೈಗುಳವೋ ಅಲ್ಲವೋ? ಒಂದು ಕಡೆ ಬಳಸಬೇಡಿ ಅಂತಾರೆ, ಇನ್ನೊಂದು ಕಡೆ ವಿಶ್ವವಿದ್ಯಾಲಯದ ವಿಭಾಗಕ್ಕೇ ಆ ಹೆಸರಿದೆ.

ಮೇಷ್ಟ್ರು:
ಎರಡೂ ನಿಜ. ಮೂಲದಲ್ಲಿ ಅದರ ಅರ್ಥ ವಿಚಿತ್ರ ಅಂತ. ಆಮೇಲೆ ಬೈಗುಳವಾಯಿತು. 1980ರ ದಶಕದ ಕೊನೆಗೆ ಆ ಸಮುದಾಯದ ಹೋರಾಟಗಾರರೇ ಅದನ್ನು ಎತ್ತಿಕೊಂಡು ತಮ್ಮ ಹೆಸರಾಗಿ ಹೇಳತೊಡಗಿದರು. 1990ರಲ್ಲಿ ನ್ಯೂಯಾರ್ಕಿನಲ್ಲಿ 'ಕ್ವಿಯರ್ ನೇಶನ್' ಅನ್ನುವ ಸಂಘಟನೆ ಹುಟ್ಟಿತು. ಹೀಗೆ ಬೈಗುಳವನ್ನು ಕಿತ್ತುಕೊಂಡು ತಮ್ಮದು ಮಾಡಿಕೊಳ್ಳೋದಕ್ಕೆ ಇಂಗ್ಲಿಷಿನಲ್ಲಿ 'ರೀಕ್ಲೇಮ್' ಅನ್ನುತ್ತಾರೆ, ಬರೆದಿಟ್ಟುಕೊಳ್ಳಿ. 'ಕ್ವಿಯರ್ ಕಮ್ಯೂನಿಟಿ', 'ಕ್ವಿಯರ್ ಸ್ಟಡೀಸ್' ಸಲೀಸಾಗಿ ಬಳಸಬಹುದು. ಆದರೆ ಆ ಪದ ಕೇಳುತ್ತಾ ಏಟು ತಿಂದ ಹಿರಿಯರು ಇನ್ನೂ ಇದ್ದಾರೆ. ಹಾಗಾಗಿ ಒಬ್ಬ ವ್ಯಕ್ತಿಯನ್ನು ಆ ಹೆಸರಿನಿಂದ ಕರೆಯೋದು ಅವರೇ ಬಳಸಿದ ಮೇಲೆ.

'ಪ್ರೈಡ್' ಕೂಡ ಹೀಗೇ. ನಿಘಂಟಿನಲ್ಲಿ ಹೆಮ್ಮೆ ಅಂತಿದೆ. ಇಲ್ಲಿ ಅದು ನಾಚಿಕೆಗೆ ಎದುರಾಗಿ ನಿಂತ ಪದ. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಅನ್ನುವ ಗೇ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ತಿರುಗಿಬಿದ್ದರು. ಮರುವರ್ಷ ಅದೇ ದಿನ ಅದರ ನೆನಪಿಗೆ ಮೆರವಣಿಗೆ ನಡೆಯಿತು. ಜೂನ್ ತಿಂಗಳು ಪ್ರೈಡ್ ತಿಂಗಳಾಗಿದ್ದು ಇದರಿಂದ. ಪ್ರೈಡ್‌ಗೆ ಅಂತ ಕಲಾವಿದ ಗಿಲ್ಬರ್ಟ್ ಬೇಕರ್ 1978ರಲ್ಲಿ ಮಾಡಿದ ಕಾಮನಬಿಲ್ಲಿನ ಬಾವುಟದಲ್ಲಿ ಎಂಟು ಬಣ್ಣ ಇದ್ದವು, ಈಗ ಸಾಮಾನ್ಯವಾಗಿ ಕಾಣೋದು ಆರು.

ಪದಪ್ರೀತಿ:
ಈಗ ಸಮಾನತೆ ಕಡೆಗೆ ಬರೋಣ. ಇಲ್ಲಿ ಪದಕ್ಕಿಂತ ಅದರ ಬಾಲಕ್ಕೆ ಬರುವ ಪ್ರಿಪೊಸಿಶನ್ ಜಾಸ್ತಿ ಕಾಡುತ್ತದೆ. 'ಡಿಸ್ಕ್ರಿಮಿನೇಟ್ ಬಿಟ್ವೀನ್' ಅಂದರೆ ಎರಡರ ನಡುವೆ ವ್ಯತ್ಯಾಸ ಗುರುತಿಸೋದು, ಅದರಲ್ಲಿ ಕೆಟ್ಟದ್ದೇನಿಲ್ಲ. 'ಡಿಸ್ಕ್ರಿಮಿನೇಟ್ ಅಗೇನ್ಸ್ಟ್' ಅಂದರೆ ತಾರತಮ್ಯ ಮಾಡೋದು. 'ಪ್ರೆಜುಡಿಸ್' ಮನಸ್ಸಿನಲ್ಲಿರುವ ಪೂರ್ವಗ್ರಹ, 'ಡಿಸ್ಕ್ರಿಮಿನೇಶನ್' ಅದು ಕೈಗೆ ಇಳಿದಾಗ. ಬಾಡಿಗೆಗೆ ಮನೆ ಕೊಡಲ್ಲ ಅಂದರೆ ಡಿಸ್ಕ್ರಿಮಿನೇಶನ್, ಮನಸ್ಸಿನಲ್ಲೇ ಮೂಗು ಮುರಿದರೆ ಪ್ರೆಜುಡಿಸ್. 'ಇಕ್ವಾಲಿಟಿ' ಎಲ್ಲರಿಗೂ ಒಂದೇ ಹಕ್ಕು, 'ಇಕ್ವಿಟಿ' ಆ ಹಕ್ಕು ನಿಜವಾಗಿ ಕೈಗೆ ಸಿಗೋಕೆ ಯಾರಿಗೆ ಏನು ಬೇಕೋ ಅದು.

ಓದೋಕೆ ನನ್ನ ಸಲಹೆ 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಮಾನವ ಹಕ್ಕುಗಳ ಘೋಷಣೆ. ಅದರ ಕನ್ನಡ ಅನುವಾದವೂ ಸಿಗುತ್ತದೆ, ಪಕ್ಕಪಕ್ಕ ಇಟ್ಟುಕೊಂಡು ಓದಬಹುದು. ಅದರ ಮೊದಲ ವಿಧಿಯ ಮೊದಲ ವಾಕ್ಯ 'ಆಲ್ ಹ್ಯೂಮನ್ ಬೀಯಿಂಗ್ಸ್ ಆರ್ ಬಾರ್ನ್ ಫ್ರೀ ಅಂಡ್ ಇಕ್ವಲ್ ಇನ್ ಡಿಗ್ನಿಟಿ ಅಂಡ್ ರೈಟ್ಸ್'. ಕರಡಿನಲ್ಲಿ ಅದು 'ಆಲ್ ಮೆನ್' ಅಂತ ಇತ್ತು. ಹಾಗೆ ಬರೆದರೆ ಹೆಂಗಸರನ್ನು ಹೊರಗಿಡೋಕೆ ನೆಪ ಸಿಗುತ್ತದೆ ಅಂತ ಪಟ್ಟು ಹಿಡಿದು 'ಹ್ಯೂಮನ್ ಬೀಯಿಂಗ್ಸ್' ಮಾಡಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಆ ಎರಡು ಪದ ಬದಲಾಗಿದ್ದರಿಂದ ಇವತ್ತು ನಾನ್‌ಬೈನರಿ ಜನರೂ ಆ ವಾಕ್ಯದ ಒಳಗಿದ್ದಾರೆ. ಪದ ಕಲಿಯೋದು ಸಣ್ಣ ಕೆಲಸ ಅನಿಸಿದಾಗೆಲ್ಲ ನಾನು ಆ ಮಹಿಳೆಯನ್ನು ನೆನೆಸಿಕೊಳ್ಳುತ್ತೇನೆ.

ಹೊಸಬ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಒಂದು ಸಹಾಯ ಬೇಕು. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ನನಗೆ ಇಂಗ್ಲಿಷಿನಲ್ಲಿ ಈಮೇಲ್ ಬರೆದಿದ್ದಾಳೆ, ತಾನು ಬೈಸೆಕ್ಷುಯಲ್ ಅಂತ. ಅವಳಿಗೆ ಕನ್ನಡ ಬರಲ್ಲ. ನಾನು ಬರೆದಿಟ್ಟ ಉತ್ತರ ಇದು, ಇನ್ನೂ ಕಳಿಸಿಲ್ಲ: 'ಥ್ಯಾಂಕ್ಯೂ ಫಾರ್ ಟೆಲಿಂಗ್ ಮಿ. ಐ ಡೋಂಟ್ ಮೈಂಡ್. ಐ ರೆಸ್ಪೆಕ್ಟ್ ಯುವರ್ ಚಾಯ್ಸ್.' ಸರಿ ಇದೆಯಾ?

ನೀಲಿಶಾಯಿ:
ನಿಮ್ಮ ಪ್ರೀತಿ ಕಾಣುತ್ತಿದೆ. ಎರಡು ಕಡೆ ಬದಲಿಸಿ. 'ಐ ಡೋಂಟ್ ಮೈಂಡ್' ಅನ್ನೋದು ಕಿಟಕಿ ತೆಗೆಯಲಾ ಅಂತ ಕೇಳಿದಾಗ ಹೇಳುವ ಮಾತು. ಅವಳು ಅನುಮತಿ ಕೇಳಿಲ್ಲ. 'ಚಾಯ್ಸ್' ಕೂಡ ಬೇಡ, ಮೇಷ್ಟ್ರು ಪ್ರಿಫರೆನ್ಸ್ ಬಗ್ಗೆ ಹೇಳಿದ ಕಾರಣವೇ.

ಹೀಗೆ ಬರೆಯಿರಿ: 'ಥ್ಯಾಂಕ್ಯೂ ಫಾರ್ ಟ್ರಸ್ಟಿಂಗ್ ಮಿ ವಿತ್ ದಿಸ್. ಐ ಆಮ್ ರಿಯಲಿ ಗ್ಲಾಡ್ ಯು ಟೋಲ್ಡ್ ಮಿ.' ಆಮೇಲೆ ಒಂದು ಸಾಲು: 'ಐ ವೋಂಟ್ ಮೆನ್ಶನ್ ಇಟ್ ಟು ಎನಿವನ್ ಅನ್‌ಲೆಸ್ ಯು ವಾಂಟ್ ಮಿ ಟು.' ಈ ಕೊನೆಯ ಸಾಲು ಬಿಡಬೇಡಿ. ಇಂಥ ಈಮೇಲ್ ಕಳಿಸಿದ ಮೇಲೆ, ಇನ್ನು ಯಾರಿಗೆಲ್ಲ ಗೊತ್ತಾಗುತ್ತದೋ ಅನ್ನುವ ಭಯವೇ ದೊಡ್ಡದು.

ಬೆಳಗಿನ ಓದು:
ನನ್ನದೂ ಒಂದು ಸೇರಿಸಲಾ? ಎರಡು ಸಾಲು ಈ ವಿಷಯ ಬರೆದ ಮೇಲೆ ದಿನಾ ಆಡುವ ಮಾತನ್ನೂ ಬರೆಯಿರಿ. ಕೆಲಸದ ಮಾತು, ತಮಾಷೆ, ಏನಾದರೂ. ಸ್ನೇಹ ಹಾಗೇ ಇದೆ ಅಂತ ಅವಳಿಗೆ ಅದರಿಂದ ಗೊತ್ತಾಗುತ್ತದೆ.

ಹೊಸಬ:
ಎಲ್ಲ ಬದಲಿಸಿ ಕಳಿಸಿದೆ. ಕೊನೆಗೆ 'ಆರ್ ವಿ ಸ್ಟಿಲ್ ಆನ್ ಫಾರ್ ಲಂಚ್ ಟುಮಾರೋ?' ಅಂತ ಸೇರಿಸಿದ್ದೇನೆ. 'ಸ್ಟಿಲ್ ಆನ್ ಫಾರ್' ಸರಿ ತಾನೆ?

ಮೇಷ್ಟ್ರು:
ಸರಿ ಇದೆ. ಮೊದಲೇ ಮಾತಾಡಿಕೊಂಡಿದ್ದು ಹಾಗೇ ಇದೆಯಾ ಅಂತ ಕೇಳೋಕೆ ಹೀಗೇ ಹೇಳೋದು.